ಅಮೆರಿಕದ ಆನ್‌ಲೈನ್ ನೋಟರಿ ಮಾಡಿಕೊಟ್ಟ ಅಧಿಕಾರ ಪತ್ರ ಮೈಸೂರಿನ ನೋಂದಣಿ ಕಚೇರಿಯಲ್ಲಿ ನಡೆಯುತ್ತದೆಯೇ?

ಆಸ್ಟಿನ್‌ನಲ್ಲಿರುವ ಮೈಸೂರಿನವಳು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ತಂದೆಯವರಿಂದ ಬಂದ ನಿವೇಶನವೊಂದು ನನ್ನ ಮತ್ತು ಅಣ್ಣನ ಹೆಸರಿನಲ್ಲಿ ಜಂಟಿಯಾಗಿದೆ. ಮಾರುವುದೆಂದು ಇಬ್ಬರೂ ತೀರ್ಮಾನಿಸಿದ್ದೇವೆ, ಕೊಳ್ಳುವವರೂ ಸಿಕ್ಕಿದ್ದಾರೆ. ಅಣ್ಣ ಊರಿನಲ್ಲೇ ಇದ್ದಾನೆ. ನಾನು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿದ್ದೇನೆ. ಮಗು ತೀರ ಚಿಕ್ಕದು, ಸದ್ಯಕ್ಕೆ ಬರುವುದು ಆಗದ ಮಾತು. ನನ್ನ ಪಾಲಿನ ಸಹಿಯನ್ನೂ ಅಣ್ಣನೇ ಹಾಕುವಂತೆ ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಬರೆದುಕೊಡಬೇಕಾಗಿದೆ.

ಇಲ್ಲಿ ವಿಡಿಯೊ ಕರೆಯಲ್ಲೇ ನೋಟರಿ ಮಾಡಿಸುವ ವ್ಯವಸ್ಥೆ ಕಾನೂನುಬದ್ಧವಾಗಿದೆ. ಕಾರು ಮಾರುವಾಗ ಒಮ್ಮೆ ಬಳಸಿದ್ದೇನೆ, ಯಾವ ತೊಡಕೂ ಆಗಲಿಲ್ಲ. ಅದೇ ರೀತಿ ಅಧಿಕಾರ ಪತ್ರವನ್ನೂ ಮಾಡಿಸಿ ಪಿಡಿಎಫ್ ಕಳುಹಿಸಿದರೆ ಸಾಕಾಗುತ್ತದೆಯೇ? ಅಥವಾ ಹ್ಯೂಸ್ಟನ್‌ನ ಭಾರತೀಯ ಕಾನ್ಸುಲೇಟ್ ಮೂಲಕವೇ ಹೋಗಬೇಕೇ? ತಿಳಿದವರು ದಯವಿಟ್ಟು ಹೇಳಿ.

ವರ್ಜೀನಿಯಾದ ನೋಟರಿ

ನಾನು ವರ್ಜೀನಿಯಾದಲ್ಲಿ ನೋಟರಿಯಾಗಿ ಕೆಲಸ ಮಾಡುತ್ತಿದ್ದೇನೆ. ಇಡೀ ಅಮೆರಿಕದಲ್ಲಿ ಈ ಆನ್‌ಲೈನ್ ನೋಟರಿಗೆ ಮೊಟ್ಟಮೊದಲು ಕಾನೂನು ಮಾಡಿದ್ದು ನಮ್ಮ ರಾಜ್ಯ. 2011ರಲ್ಲಿ ಅಂಗೀಕಾರವಾಗಿ 2012ರ ಜುಲೈನಿಂದ ಜಾರಿಗೆ ಬಂತು. ಟೆಕ್ಸಾಸ್‌ನಲ್ಲಿ 2018ರಿಂದ ಇದೆ. ಕೋವಿಡ್ ಬಂದ ಮೇಲೆ ಒಂದರ ಹಿಂದೆ ಒಂದು ರಾಜ್ಯ ಒಪ್ಪಿಕೊಂಡಿತು. ನ್ಯೂಯಾರ್ಕ್ 2020ರಲ್ಲಿ ತುರ್ತು ಆದೇಶ ಹೊರಡಿಸಿ, 2023ರ ಜನವರಿ ಕೊನೆಯಿಂದ ಕಾಯಂ ಕಾನೂನು ಜಾರಿಗೆ ತಂದಿತು. ಕ್ಯಾಲಿಫೋರ್ನಿಯಾ 2023ರಲ್ಲಿ ಕಾನೂನು ಮಾಡಿದರೂ ತನ್ನ ನೋಟರಿಗಳಿಗೆ ಪೂರ್ಣ ಅವಕಾಶ ಕೊಡಲು 2030ರ ಜನವರಿಯವರೆಗೆ ಕಾಲಾವಕಾಶ ಇಟ್ಟುಕೊಂಡಿದೆ.

ಕೆಲಸ ನಡೆಯುವ ಬಗೆ ಹೀಗೆ. ಸಹಿ ಮಾಡುವವರು ತಮ್ಮ ಗುರುತಿನ ದಾಖಲೆಯನ್ನು ಕ್ಯಾಮೆರಾಕ್ಕೆ ತೋರಿಸುತ್ತಾರೆ, ಅದು ಅಸಲಿಯೇ ಎಂದು ತಂತ್ರಾಂಶ ಪರಿಶೀಲಿಸುತ್ತದೆ. ಆಮೇಲೆ ಅವರ ಹಳೆಯ ವಿಳಾಸ, ಸಾಲ, ವಾಹನ ಇಂಥವುಗಳ ದಾಖಲೆಯಿಂದ ಪ್ರಶ್ನೆಗಳು ಬರುತ್ತವೆ. ಸಾಮಾನ್ಯವಾಗಿ ಐದು ಪ್ರಶ್ನೆ, ಎರಡು ನಿಮಿಷ, ನಾಲ್ಕಕ್ಕಾದರೂ ಸರಿಯುತ್ತರ ಬರಬೇಕು. ಇಲ್ಲಿಗೆ ಹೊಸದಾಗಿ ಬಂದವರು, ಭೇಟಿಗೆ ಬಂದ ತಂದೆತಾಯಿಯರು ಈ ಹಂತದಲ್ಲೇ ನಿಂತುಬಿಡುತ್ತಾರೆ. ಅವರ ಹೆಸರಿನಲ್ಲಿ ಅಮೆರಿಕದ ಸಾಲದ ಚರಿತ್ರೆಯೇ ಇಲ್ಲವಾದ್ದರಿಂದ ಕೇಳಲು ಪ್ರಶ್ನೆ ಸಿಗುವುದಿಲ್ಲ. ಇದನ್ನು ದಾಟಿದ ಮೇಲೆ ನೋಟರಿ ವಿಡಿಯೊದಲ್ಲಿ ಮಾತನಾಡಿಸಿ, ಸ್ವಇಚ್ಛೆಯಿಂದ ಸಹಿ ಮಾಡುತ್ತಿದ್ದಾರೆ ಎಂದು ಖಚಿತಪಡಿಸಿಕೊಂಡು, ಡಿಜಿಟಲ್ ಪ್ರಮಾಣಪತ್ರದಿಂದ ಕಡತವನ್ನು ಭದ್ರಪಡಿಸುತ್ತಾರೆ. ನಂತರ ಒಂದಕ್ಷರ ತಿದ್ದಿದರೂ ಗೊತ್ತಾಗುತ್ತದೆ. ಕರೆಯ ದೃಶ್ಯಮುದ್ರಣವನ್ನು ನಮ್ಮಲ್ಲಿ ಕನಿಷ್ಠ ಐದು ವರ್ಷ, ಫ್ಲಾರಿಡಾದಲ್ಲಿ ಹತ್ತು ವರ್ಷ ಇಡಬೇಕು.

ಸೋದರಿ, ಅಮೆರಿಕದೊಳಗಿನ ಕೆಲಸಕ್ಕೆ ಇದು ಯಾವ ಕಾಗದಕ್ಕೂ ಕಡಿಮೆಯಿಲ್ಲ. ಆದರೆ ನಿಮ್ಮ ಕಾಗದವನ್ನು ಸ್ವೀಕರಿಸುವವರು ಮೈಸೂರಿನಲ್ಲಿದ್ದಾರೆ. ಅಲ್ಲಿಯ ಮಾತನ್ನು ಅಲ್ಲಿಯವರೇ ಹೇಳಬೇಕು.

ಮೈಸೂರಿನ ವಕೀಲ

ನೇರವಾಗಿ ಹೇಳುತ್ತೇನೆ. ಸ್ಥಿರಾಸ್ತಿ ಮಾರಾಟದ ಅಧಿಕಾರ ಪತ್ರವನ್ನು ಆನ್‌ಲೈನ್ ನೋಟರಿ ಮೂಲಕ ಮಾಡಿಸಬೇಡಿ. ಕಾಗದದ ಮೇಲೆ ಶಾಯಿಯಲ್ಲಿ, ಎದುರಿಗೆ ಕುಳಿತ ನೋಟರಿಯ ಮುಂದೆ ಸಹಿ ಮಾಡಿ.

1908ರ ನೋಂದಣಿ ಕಾಯ್ದೆಯ 33ನೇ ಕಲಂ ನೋಡಿ. ಭಾರತದಲ್ಲಿ ವಾಸವಿಲ್ಲದವರು ಬರೆದುಕೊಟ್ಟ ಅಧಿಕಾರ ಪತ್ರದ ಮೇಲೆ ಇನ್ನೊಬ್ಬರು ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸಬೇಕಾದರೆ, ಆ ಪತ್ರ ನೋಟರಿ, ನ್ಯಾಯಾಲಯ, ನ್ಯಾಯಾಧೀಶರು, ಮ್ಯಾಜಿಸ್ಟ್ರೇಟ್, ಭಾರತೀಯ ಕಾನ್ಸುಲ್ ಅಥವಾ ಕೇಂದ್ರ ಸರ್ಕಾರದ ಪ್ರತಿನಿಧಿಯ ಸಮಕ್ಷಮದಲ್ಲಿ ಸಹಿಯಾಗಿ ದೃಢೀಕರಣಗೊಂಡಿರಬೇಕು. ವಿದೇಶಿ ನೋಟರಿಯ ದೃಢೀಕರಣವೂ ಸಲ್ಲುತ್ತದೆ ಎಂದು ಹೈಕೋರ್ಟ್ ತೀರ್ಪುಗಳಿವೆ. ಹಾಗಾಗಿ ಕಾನ್ಸುಲೇಟ್ ಒಂದೇ ದಾರಿಯಲ್ಲ.

ತೊಡಕಿರುವುದು ಎಲೆಕ್ಟ್ರಾನಿಕ್ ಸಹಿಯಲ್ಲಿ. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ಸಹಿಗೆ ಮಾನ್ಯತೆ ಕೊಟ್ಟಿದೆ. ಆದರೆ ಅದೇ ಕಾಯ್ದೆಯ ಮೊದಲ ಅನುಸೂಚಿ ಕೆಲವು ದಸ್ತಾವೇಜುಗಳನ್ನು ಹೊರಗಿಟ್ಟಿದೆ. ಅಧಿಕಾರ ಪತ್ರ, ಟ್ರಸ್ಟ್, ಉಯಿಲು ಆ ಪಟ್ಟಿಯಲ್ಲಿವೆ. ನಿಮ್ಮ ಪಿಡಿಎಫ್ ಟೆಕ್ಸಾಸ್‌ನಲ್ಲಿ ಎಷ್ಟೇ ಗಟ್ಟಿಯಾಗಿದ್ದರೂ ಇಲ್ಲಿ ಆ ಗೋಡೆಗೆ ಬಡಿಯುತ್ತದೆ.

ಇನ್ನೊಂದು ಮಾತು ಕೇಳಲೇಬೇಕು: ನಿಮ್ಮ ತಾಯಿಯವರು ಇದ್ದಾರೆಯೇ, ಬೇರೆ ವಾರಸುದಾರರು ಇದ್ದಾರೆಯೇ? ಜಂಟಿ ಖಾತೆ ಆಗಿದೆ ಎಂದ ಮಾತ್ರಕ್ಕೆ ಕ್ರಯಪತ್ರಕ್ಕೆ ಬೇಕಾದ ಎಲ್ಲ ಸಹಿಗಳೂ ಸಿಕ್ಕಂತಾಗುವುದಿಲ್ಲ.

ಆಸ್ಟಿನ್‌ನಲ್ಲಿರುವ ಮೈಸೂರಿನವಳು

ತಾಯಿಯವರೂ ತೀರಿಕೊಂಡಿದ್ದಾರೆ ವಕೀಲರೇ. ನಾವಿಬ್ಬರೇ ಮಕ್ಕಳು.

ಬೆಂಗಳೂರಿನ ತಂತ್ರಾಂಶ ಎಂಜಿನಿಯರ್

ವಕೀಲರ ಮಾತಿಗೆ ಗೌರವ ಇಟ್ಟುಕೊಂಡೇ ಭಿನ್ನಾಭಿಪ್ರಾಯ ಹೇಳುತ್ತಿದ್ದೇನೆ. ಮೊದಲ ಅನುಸೂಚಿ ಮೊದಲಿನಂತೆ ಉಳಿದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ, ಸ್ಥಿರಾಸ್ತಿ ಮಾರಾಟದ ಕರಾರನ್ನು ಆ ಪಟ್ಟಿಯಿಂದಲೇ ತೆಗೆದುಹಾಕಿತು. ಕರಾರಿಗೇ ಎಲೆಕ್ಟ್ರಾನಿಕ್ ಸಹಿ ನಡೆಯುವುದಾದರೆ ಅದಕ್ಕೆ ಸಂಬಂಧಿಸಿದ ಅಧಿಕಾರ ಪತ್ರಕ್ಕೆ ಏಕೆ ನಡೆಯಬಾರದು?

ಇನ್ನು ವಿಡಿಯೊದಲ್ಲಿ ಹಾಜರಾಗುವುದು ಹಾಜರಾತಿಯೇ ಅಲ್ಲ ಎನ್ನುವಂತಿಲ್ಲ. ಮಹಾರಾಷ್ಟ್ರ ಸರ್ಕಾರ ಮತ್ತು ಡಾ. ಪ್ರಫುಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಷ್ಟು ಹಿಂದೆಯೇ, ಅಮೆರಿಕದಲ್ಲಿರುವ ವೈದ್ಯರ ಸಾಕ್ಷ್ಯವನ್ನು ವಿಡಿಯೊ ಮೂಲಕ ದಾಖಲಿಸಿಕೊಳ್ಳಬಹುದು ಎಂದಿದೆ. ಕರ್ನಾಟಕ ಹೈಕೋರ್ಟ್ 2020ರಲ್ಲಿ ವಿಡಿಯೊ ಕಲಾಪಕ್ಕೆಂದೇ ನಿಯಮ ಮಾಡಿತು. ಕ್ರಿಮಿನಲ್ ಮೊಕದ್ದಮೆಯ ಸಾಕ್ಷಿಗೆ ಸಾಕಾಗುವ ಹಾಜರಾತಿ ಒಂದು ನಿವೇಶನದ ಕಾಗದಕ್ಕೆ ಸಾಲದೇ? ಐದು ನಿಮಿಷ ಗಮನವಿಟ್ಟು ಮಾತನಾಡಿಸಿ, ಮುಖ ನೋಡಿ, ದೃಶ್ಯ ಮುದ್ರಿಸಿಕೊಂಡು ಪಡೆದ ಸಹಿಗಿಂತ, ನ್ಯಾಯಾಲಯದ ಗೇಟಿನ ಬಳಿ ಮುಖವನ್ನೂ ಎತ್ತಿ ನೋಡದೆ ಒತ್ತಿದ ಮೊಹರು ಹೆಚ್ಚು ನಂಬಲರ್ಹವೇ? ಈ ಪ್ರಶ್ನೆಗೆ ನನಗೆ ಇದುವರೆಗೆ ಸಮಾಧಾನ ಸಿಕ್ಕಿಲ್ಲ.

ಮೈಸೂರಿನ ವಕೀಲ

ನಿಮ್ಮ ಕೊನೆಯ ಮಾತು ನೋಯಿಸುವಷ್ಟು ಸರಿಯಾಗಿದೆ, ಒಪ್ಪುತ್ತೇನೆ. ಆದರೆ 2022ರ ಅಧಿಸೂಚನೆಯನ್ನು ಪೂರ್ತಿ ಓದಿ. ಅಧಿಕಾರ ಪತ್ರದ ವಿಷಯದಲ್ಲಿ ಅದು ಕೊಟ್ಟ ವಿನಾಯಿತಿ ಬ್ಯಾಂಕ್‌ನಂಥ ನಿಯಂತ್ರಿತ ಹಣಕಾಸು ಸಂಸ್ಥೆಗಳಿಗೆ ಬರೆದುಕೊಡುವ ಪತ್ರಗಳಿಗೆ ಮಾತ್ರ. ತಂಗಿ ಅಣ್ಣನಿಗೆ ಬರೆದುಕೊಡುವ ಪತ್ರ ಇನ್ನೂ ಹೊರಗೇ ಇದೆ.

ದೇಸಾಯಿ ಪ್ರಕರಣದ ತೀರ್ಪು ನನಗೂ ಇಷ್ಟವಾದದ್ದು. ಅದನ್ನು ಹಿಡಿದು ರಿಟ್ ಅರ್ಜಿ ಹಾಕಿ ವಾದಿಸಬಹುದು, ಗೆಲ್ಲಲೂಬಹುದು. ಆದರೆ ಕೌಂಟರಿನ ಆಚೆ ಕುಳಿತ ಉಪನೋಂದಣಾಧಿಕಾರಿಗೆ ಕಾನೂನನ್ನು ವಿಸ್ತರಿಸಿ ಓದುವ ಅಧಿಕಾರವಿಲ್ಲ. ಮುಂಗಡ ಕೊಟ್ಟು ಬ್ಯಾಂಕ್ ಸಾಲ ಮಂಜೂರು ಮಾಡಿಸಿಕೊಂಡ ಖರೀದಿದಾರರು ನಿಮ್ಮ ರಿಟ್ ಮುಗಿಯುವವರೆಗೆ ಕಾಯುತ್ತಾರೆಯೇ? ಕಾನೂನನ್ನು ಬೆಳೆಸುವ ಹೋರಾಟ ಒಳ್ಳೆಯದೇ. ಅದಕ್ಕೆ ಈ ಹೆಣ್ಣುಮಗಳ ನಿವೇಶನ ಬಲಿಯಾಗುವುದು ಬೇಡ.

ನಿವೃತ್ತ ನೋಂದಣಿ ಇಲಾಖೆ ನೌಕರ

ವಕೀಲರು ಹೇಳಿದ್ದಕ್ಕೆ ನಮ್ಮ ಮೇಜಿನ ಈಚೆಯಿಂದ ಕೆಲವು ಮಾತು ಸೇರಿಸುತ್ತೇನೆ.

ಅಮೆರಿಕದಿಂದ ಬರುವ ಪತ್ರಕ್ಕೆ ನೋಟರಿ ಸಹಿಯ ಮೇಲೆ ಅಪೋಸ್ಟಿಲ್ ಮಾಡಿಸಿ ಕಳುಹಿಸಿ. ಇಂಥ ದೃಢೀಕರಣಕ್ಕಾಗಿ ದೇಶಗಳ ನಡುವೆ ಆದ 1961ರ ಹೇಗ್ ಒಪ್ಪಂದಕ್ಕೆ ಅಮೆರಿಕ 1981ರಿಂದ, ಭಾರತ 2005ರ ಜುಲೈನಿಂದ ಒಳಪಟ್ಟಿವೆ. ಅಪೋಸ್ಟಿಲ್ ಎಂದರೆ ಪತ್ರದ ಒಳಗಿನ ವಿಷಯ ನಿಜ ಎಂಬ ಮುದ್ರೆಯಲ್ಲ. ಈ ನೋಟರಿ ನಿಜವಾಗಿಯೂ ನೋಟರಿ, ಇದು ಅವರದೇ ಸಹಿ ಮತ್ತು ಮೊಹರು ಎಂಬುದಷ್ಟನ್ನೇ ಅದು ಹೇಳುತ್ತದೆ. ಅಪೋಸ್ಟಿಲ್ ಇದ್ದ ಮಾತ್ರಕ್ಕೆ ಎಲ್ಲ ದೋಷವೂ ಹೋಯಿತು ಎಂದು ತಿಳಿದು ಬರುವವರನ್ನು ಬಹಳ ಕಂಡಿದ್ದೇನೆ.

ಎರಡನೆಯದು, ಎಲ್ಲರೂ ಮರೆಯುವ ಮುದ್ರಾಂಕ ಶುಲ್ಕ. ಕರ್ನಾಟಕ ಮುದ್ರಾಂಕ ಕಾಯ್ದೆ, 1957ರ 18ನೇ ಕಲಂ ಪ್ರಕಾರ, ರಾಜ್ಯದ ಹೊರಗೆ ಸಹಿಯಾದ ಪತ್ರ ರಾಜ್ಯದೊಳಗೆ ಮೊದಲು ಬಂದು ತಲುಪಿದ ದಿನದಿಂದ ಮೂರು ತಿಂಗಳೊಳಗೆ ಶುಲ್ಕ ಕಟ್ಟಬೇಕು. ಇದಕ್ಕೆ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಗೆ ಹೋಗಬೇಕು. ಕೊರಿಯರ್ ಬಂದ ಲಕೋಟೆಯನ್ನು ಎಸೆಯದೆ ಪತ್ರದ ಜೊತೆಗೇ ಇಡಿ. ಬಂದ ದಿನಾಂಕಕ್ಕೆ ಅದೇ ಪುರಾವೆ. ಪತ್ರವನ್ನು ಬೀರುವಿನಲ್ಲಿಟ್ಟು ಮರೆತು, ಖರೀದಿದಾರರು ಸಿಕ್ಕಾಗ ತೆಗೆದರೆ ಅವಧಿ ಮೀರಿರುತ್ತದೆ, ದಂಡದ ಮಾತು ಬರುತ್ತದೆ.

ಮೂರನೆಯದು: ಪತ್ರದಲ್ಲಿ ಸ್ವತ್ತಿನ ವಿವರ, ಅಳತೆ, ಚೆಕ್ಕುಬಂದಿ ಎಲ್ಲವೂ ಹಿಂದಿನ ದಸ್ತಾವೇಜಿನಲ್ಲಿ ಇದ್ದಂತೆಯೇ ಇರಲಿ. ಪ್ರತಿ ಪುಟಕ್ಕೂ ಸಹಿ, ಭಾವಚಿತ್ರ, ಪಾಸ್‌ಪೋರ್ಟ್ ಪ್ರತಿ, ಇಬ್ಬರು ಸಾಕ್ಷಿಗಳು ಇದ್ದರೆ ಯಾವ ಅಧಿಕಾರಿಗೂ ತಕರಾರು ತೆಗೆಯಲು ಎಡೆ ಇರುವುದಿಲ್ಲ.

ನ್ಯೂಜೆರ್ಸಿಯ ಶಿವಮೊಗ್ಗದವರು

ಅಪೋಸ್ಟಿಲ್ ವಿಷಯದಲ್ಲಿ ಒಂದು ಎಚ್ಚರಿಕೆ. ಆನ್‌ಲೈನ್ ಸೇವೆಯಲ್ಲಿ ಆ ಕ್ಷಣಕ್ಕೆ ಬಿಡುವಾಗಿರುವ ನೋಟರಿ ಯಾರೋ ಅವರು ಸಿಗುತ್ತಾರೆ. ನೀವು ನ್ಯೂಜೆರ್ಸಿಯಲ್ಲಿರುತ್ತೀರಿ, ನೋಟರಿ ಫ್ಲಾರಿಡಾದವರಾಗಿರುತ್ತಾರೆ. ಅಪೋಸ್ಟಿಲ್ ಕೊಡಬೇಕಾದದ್ದು ನೋಟರಿಗೆ ಸನ್ನದು ಕೊಟ್ಟ ರಾಜ್ಯ, ನೀವಿರುವ ರಾಜ್ಯವಲ್ಲ. ನಮ್ಮ ಪರಿಚಯದವರೊಬ್ಬರು ಒಂದು ಪ್ರಮಾಣಪತ್ರವನ್ನು ಹೀಗೆ ಮಾಡಿಸಿ ತಮ್ಮ ರಾಜ್ಯದ ಕಚೇರಿಗೆ ಕಳುಹಿಸಿದರು. ಅದು ಹಾಗೆಯೇ ಹಿಂದಕ್ಕೆ ಬಂತು.

ಬ್ಯಾಂಕ್‌ನಲ್ಲಿಯೋ ಪಾರ್ಸೆಲ್ ಅಂಗಡಿಯಲ್ಲಿಯೋ ಕುಳಿತಿರುವ ಸ್ಥಳೀಯ ನೋಟರಿಯ ಬಳಿ ಹೋದರೆ ಈ ಗೋಜಲೇ ಇಲ್ಲ. ಆಸ್ಟಿನ್ ಟೆಕ್ಸಾಸ್‌ನ ರಾಜಧಾನಿ. ಅಪೋಸ್ಟಿಲ್ ಕೊಡುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ನಿಮ್ಮ ಊರಿನಲ್ಲೇ ಇದೆ. ಇಷ್ಟು ಅನುಕೂಲ ಹೆಚ್ಚಿನವರಿಗೆ ಇರುವುದಿಲ್ಲ.

ದುಬೈನ ಮಂಗಳೂರಿನವರು

ಗಲ್ಫ್‌ನಲ್ಲಿರುವವರಿಗಾಗಿ ಬರೆಯುತ್ತಿದ್ದೇನೆ, ಏಕೆಂದರೆ ಇದನ್ನು ಓದಿ ಎಲ್ಲ ದೇಶಕ್ಕೂ ಒಂದೇ ನಿಯಮ ಎಂದುಕೊಂಡಾರು. ಯುಎಇ ಹೇಗ್ ಒಪ್ಪಂದಕ್ಕೆ ಸೇರಿಲ್ಲ, ಇಲ್ಲಿ ಅಪೋಸ್ಟಿಲ್ ಎಂಬುದೇ ಇಲ್ಲ. ಓಮನ್, ಬಹರೈನ್, ಸೌದಿ ಅರೇಬಿಯಾ ಸೇರಿವೆ. ಊರಿನ ಆಸ್ತಿಯ ಅಧಿಕಾರ ಪತ್ರಕ್ಕೆ ನಮಗೆ ಭಾರತೀಯ ಕಾನ್ಸುಲೇಟ್ ದಾರಿಯೇ ಸಲೀಸು. 1948ರ ಕಾಯ್ದೆಯೊಂದರಂತೆ ನಮ್ಮ ಕಾನ್ಸುಲರ್ ಅಧಿಕಾರಿಗಳಿಗೆ ನೋಟರಿಯ ಕೆಲಸ ಮಾಡುವ ಅಧಿಕಾರ ಇದೆ.

ಧಾರವಾಡದ ಓದುಗ

ನನ್ನ ಪ್ರಶ್ನೆ ಸ್ವಲ್ಪ ಬೇರೆ. ತಂದೆಯವರಿಗೆ ವಯಸ್ಸಾಗಿದೆ, ಹಾಸಿಗೆ ಹಿಡಿದಿದ್ದಾರೆ. ಉಯಿಲು ಮಾಡಿಸಬೇಕೆಂದಿದ್ದಾರೆ. ನಮ್ಮಲ್ಲೇ ‘ಮನೆಯಲ್ಲೇ ಕುಳಿತು ಆನ್‌ಲೈನ್ ನೋಟರಿ’ ಎಂದು ಜಾಹೀರಾತು ಕೊಡುವ ಜಾಲತಾಣಗಳಿವೆ. ಹಣ ಕಟ್ಟಿ ಕರಡು ಕಳುಹಿಸಿದರೆ ಮೊಹರು ಒತ್ತಿದ ಪ್ರತಿಯನ್ನು ಕೊರಿಯರ್‌ನಲ್ಲಿ ಕಳುಹಿಸುತ್ತೇವೆ ಎನ್ನುತ್ತಾರೆ. ವಿಡಿಯೊ ಕರೆಯೂ ಇಲ್ಲ. ಇದನ್ನು ನಂಬಬಹುದೇ?

ಮೈಸೂರಿನ ವಕೀಲ

ಖಂಡಿತ ಬೇಡ. ಭಾರತದಲ್ಲಿ ನೋಟರಿಗಳು ನಡೆಯುವುದು 1952ರ ನೋಟರಿ ಕಾಯ್ದೆ ಮತ್ತು 1956ರ ನಿಯಮಗಳ ಪ್ರಕಾರ. ವರ್ಜೀನಿಯಾದವರು ವಿವರಿಸಿದಂಥ ಗುರುತು ಪರಿಶೀಲನೆ, ದೃಶ್ಯಮುದ್ರಣ, ಸಂರಕ್ಷಣೆ ಯಾವುದನ್ನೂ ಈ ಕಾಯ್ದೆ ಕಟ್ಟಿಕೊಟ್ಟಿಲ್ಲ. ನೀವು ಹೇಳುವ ಜಾಲತಾಣ ಮಾಡುತ್ತಿರುವುದು ದೂರದ ನೋಟರಿ ಕೆಲಸವಲ್ಲ, ವ್ಯಕ್ತಿಯನ್ನು ನೋಡದೆಯೇ ಮೊಹರು ಮಾರುವ ಕೆಲಸ. ನಾಳೆ ನ್ಯಾಯಾಲಯದಲ್ಲಿ ‘ಸಹಿ ಮಾಡಿದವರನ್ನು ನೋಡಿದ್ದೀರಾ’ ಎಂದು ಆ ನೋಟರಿಯನ್ನು ಕೇಳಿದರೆ, ನಿಮ್ಮ ದಾಖಲೆ ಅಲ್ಲಿಗೆ ಮುಗಿಯುತ್ತದೆ. ಆಧಾರ್ ಒಟಿಪಿ ಬಳಸುವ ಇ-ಸಹಿಯನ್ನೂ ಇದರೊಡನೆ ಬೆರೆಸಬೇಡಿ. ಅದು ನಿಮ್ಮ ಸಹಿ ಮಾತ್ರ, ಇನ್ನೊಬ್ಬರ ದೃಢೀಕರಣವಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ತಂದೆಯವರ ಉಯಿಲಿಗೆ ನೋಟರಿ ಬೇಕೇ ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಕೇಳುವುದು ಅವರ ಸಹಿ ಮತ್ತು ಇಬ್ಬರು ಸಾಕ್ಷಿಗಳನ್ನು. ನೋಂದಣಿಯೂ ಕಡ್ಡಾಯವಲ್ಲ. ಮಾಡಿಸಿದರೆ ಮುಂದೆ ಜಗಳಕ್ಕೆ ಆಸ್ಪದ ಕಡಿಮೆ. ಸಾಕ್ಷಿಗಳಾಗಿ ಪಾಲು ಪಡೆಯುವವರು ಬೇಡ. ಅವರಿಗೆ ಚಿಕಿತ್ಸೆ ಕೊಡುವ ವೈದ್ಯರು ಒಬ್ಬರಾದರೆ ಬಹಳ ಒಳ್ಳೆಯದು.

ನಿವೃತ್ತ ನೋಂದಣಿ ಇಲಾಖೆ ನೌಕರ

ಧಾರವಾಡದವರೇ, ತಂದೆಯವರನ್ನು ಕಚೇರಿಗೆ ಹೊತ್ತು ತರುವ ಅಗತ್ಯವೂ ಇಲ್ಲ. ನೋಂದಣಿ ಕಾಯ್ದೆಯ 31ನೇ ಕಲಂ ಪ್ರಕಾರ ವಿಶೇಷ ಕಾರಣ ತೋರಿಸಿದರೆ ಅಧಿಕಾರಿ ಮನೆಗೇ ಬಂದು ನೋಂದಣಿ ಮಾಡಬಹುದು. ವೈದ್ಯರ ಪ್ರಮಾಣಪತ್ರದೊಡನೆ ಅರ್ಜಿ ಕೊಟ್ಟು ನಿಗದಿತ ಶುಲ್ಕ ಕಟ್ಟಿ. ಈ ಸೌಲಭ್ಯ ಇದೆಯೆಂದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಕಾಯಿಲೆಯವರನ್ನು ಆಟೊದಲ್ಲಿ ಕೂರಿಸಿಕೊಂಡು ಬಂದು ಮೆಟ್ಟಿಲ ಬಳಿ ನಿಲ್ಲಿಸಿದ್ದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತಿತ್ತು.

ಟೊರಾಂಟೊದ ಹಾಸನದವರು

ಈ ಚರ್ಚೆಯಲ್ಲಿ ಎಲ್ಲರೂ ‘ಭಾರತದಲ್ಲಿ ನಡೆಯುವುದಿಲ್ಲ’ ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದೀರಿ. ನಡೆಯುವಂತೆ ಮಾಡಬೇಕು ಎಂದು ಯಾರೂ ಹೇಳುತ್ತಿಲ್ಲ. ಒಂಟಾರಿಯೊದಲ್ಲಿ 2020ರ ಆಗಸ್ಟ್‌ನಿಂದ ಪ್ರಮಾಣಪತ್ರಗಳನ್ನು ವಿಡಿಯೊ ಮೂಲಕ ಮಾಡಿಸಬಹುದು. ಎಸ್ಟೋನಿಯಾ ಅದೇ ವರ್ಷ ತನ್ನ ರಾಯಭಾರ ಕಚೇರಿಗಳಿಂದ ಆರಂಭಿಸಿತು: ಹೊರದೇಶದಲ್ಲಿರುವ ಪ್ರಜೆ ರಾಯಭಾರ ಕಚೇರಿಯಲ್ಲಿ ಕುಳಿತು ತವರಿನ ನೋಟರಿಯೊಡನೆ ವಿಡಿಯೊದಲ್ಲಿ ಮಾತನಾಡಿ ಸಹಿ ಮಾಡುವ ವ್ಯವಸ್ಥೆ. ಜರ್ಮನಿಯಂಥ ನಿಧಾನದ ದೇಶ ಕೂಡ 2022ರ ಆಗಸ್ಟ್‌ನಿಂದ ಕಂಪನಿ ಸ್ಥಾಪನೆಗೆ ನೋಟರಿಗಳ ಸಂಘದ್ದೇ ವಿಡಿಯೊ ವ್ಯವಸ್ಥೆಯನ್ನು ತೆರೆಯಿತು.

ಎಸ್ಟೋನಿಯಾದ ಮಾದರಿಯನ್ನು ನಮ್ಮವರು ಏಕೆ ನೋಡಬಾರದು? ನಮ್ಮಲ್ಲಿ ಆಧಾರ್ ಇದೆ, ನೋಂದಣಿ ಇಲಾಖೆಯ ‘ಕಾವೇರಿ 2.0’ ತಂತ್ರಾಂಶ ಇದೆ. ಪಿಂಚಣಿದಾರರ ಜೀವಿತ ಪ್ರಮಾಣಪತ್ರವನ್ನು ಮುಖಚಹರೆಯಿಂದಲೇ ಮೊಬೈಲ್‌ನಲ್ಲಿ ಕೊಡುವ ಸೌಲಭ್ಯ 2021ರಿಂದ ಇದೆ. ಬದುಕಿದ್ದೇನೆ ಎಂದು ಸಾಬೀತುಪಡಿಸಲು ಸಾಕಾಗುವ ಮುಖ, ಅಣ್ಣನಿಗೆ ಅಧಿಕಾರ ಕೊಡಲು ಏಕೆ ಸಾಲದು?

ನಿವೃತ್ತ ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ

ಟೊರಾಂಟೊದವರೇ, ಕಳಕಳಿ ಅರ್ಥವಾಗುತ್ತದೆ. ಆದರೆ ಎರಡರ ನಡುವಿನ ಅಂತರ ದೊಡ್ಡದು. ಜೀವಿತ ಪ್ರಮಾಣಪತ್ರದಲ್ಲಿ ತಪ್ಪಾದರೆ ಸರ್ಕಾರಕ್ಕೆ ಕೆಲವು ತಿಂಗಳ ಪಿಂಚಣಿ ನಷ್ಟ. ಅಧಿಕಾರ ಪತ್ರದಲ್ಲಿ ತಪ್ಪಾದರೆ ಒಂದು ಕುಟುಂಬದ ಮನೆಯೇ ಹೋಗುತ್ತದೆ.

ನನ್ನ ಭಯ ತಂತ್ರಜ್ಞಾನದ್ದಲ್ಲ. ಮುಖ ಹೋಲುತ್ತದೆಯೇ, ಕಡತ ತಿದ್ದಿದ್ದಾರೆಯೇ ಎಂಬುದನ್ನು ಯಂತ್ರ ಮನುಷ್ಯನಿಗಿಂತ ಚೆನ್ನಾಗಿಯೇ ಹಿಡಿಯಬಹುದು. ಕ್ಯಾಮೆರಾದ ಹಿಂದೆ ಯಾರು ನಿಂತಿದ್ದಾರೆ ಎಂಬುದನ್ನು ಯಂತ್ರ ಕಾಣದು. ಎದುರಿಗೆ ಕುಳಿತ ವೃದ್ಧೆಯ ಜೊತೆ ಬಂದ ಮಗನನ್ನು ‘ಸ್ವಲ್ಪ ಹೊರಗೆ ಇರಿ’ ಎಂದು ಕಳುಹಿಸಿ, ‘ಅಮ್ಮ, ಇದು ಏನೆಂದು ಗೊತ್ತೇ’ ಎಂದು ಕೇಳಿದ ಅಧಿಕಾರಿಗಳಿದ್ದಾರೆ. ಆ ಪ್ರಶ್ನೆಗೆ ಆಕೆ ಅತ್ತುಬಿಟ್ಟದ್ದೂ ಇದೆ. ನನ್ನ ಸೇವಾವಧಿಯಲ್ಲಿ ಸಾಲದ ಜಾಮೀನಿಗೆ ಸಹಿ ಹಾಕಲು ಬಂದವರಲ್ಲೂ ಇದನ್ನು ಕಂಡಿದ್ದೇನೆ. ಪರದೆಯಲ್ಲಿ ಮುಖ ಮಾತ್ರ ಕಾಣುತ್ತದೆ, ಕೋಣೆ ಕಾಣುವುದಿಲ್ಲ. ಕಾನೂನು ಬರುವುದಾದರೆ ಈ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟು ಬರಲಿ.

ವರ್ಜೀನಿಯಾದ ನೋಟರಿ

ಹಿರಿಯರೇ, ಇದು ನಮ್ಮಲ್ಲಿಯೂ ಇರುವ ಆತಂಕ. ಕೋಣೆಯನ್ನು ಒಮ್ಮೆ ಸುತ್ತಲೂ ತೋರಿಸಿ ಎಂದು ಕೇಳುತ್ತೇನೆ, ಪತ್ರದಲ್ಲಿ ಏನಿದೆ ಎಂದು ಅವರ ಬಾಯಿಂದಲೇ ಹೇಳಿಸುತ್ತೇನೆ. ಅವರ ಕಣ್ಣು ಪದೇ ಪದೇ ಪಕ್ಕಕ್ಕೆ ಹೋಗುತ್ತಿದ್ದರೆ ಕರೆ ನಿಲ್ಲಿಸುತ್ತೇನೆ. ಪೂರ್ಣ ಪರಿಹಾರ ಅಲ್ಲ ನಿಜ. ಆದರೆ ದೃಶ್ಯಮುದ್ರಣ ಉಳಿಯುವುದರಿಂದ ವರ್ಷಗಳ ನಂತರವೂ ನ್ಯಾಯಾಧೀಶರು ಅದನ್ನು ನೋಡಬಹುದು. ಕಾಗದದ ನೋಟರಿಯ ವಿಷಯದಲ್ಲಿ ಉಳಿಯುವುದು ನೆನಪು ಮತ್ತು ವಹಿಯ ಒಂದು ಸಾಲು ಮಾತ್ರ.

ಇನ್ನೊಂದು ವಿಷಯ. ಬಹಳ ಮಂದಿ ನೋಟರಿ ಬೇಡದ ಕಾಗದಕ್ಕೂ ನೋಟರಿ ಹುಡುಕುತ್ತಾರೆ. ತಂದೆತಾಯಿಯರ ವಲಸೆಗೆ ಕೊಡುವ ಐ-864 ಅರ್ಜಿಗೆ ನೋಟರಿ ಬೇಡ. ಅಮೆರಿಕದ ಒಕ್ಕೂಟ ಸರ್ಕಾರದ ಹೆಚ್ಚಿನ ವ್ಯವಹಾರಗಳಲ್ಲಿ ‘ಸುಳ್ಳಾದರೆ ಶಿಕ್ಷೆಗೆ ಬದ್ಧ’ ಎಂದು ಬರೆದು ಸಹಿ ಮಾಡಿದ ಘೋಷಣೆಯೇ ಸಾಕು.

ಮೈಸೂರಿನ ವಕೀಲ

ಇಲ್ಲಿಯೂ ಹಾಗೆಯೇ. ಪಾಸ್‌ಪೋರ್ಟ್ ಅರ್ಜಿಯ ಅನುಬಂಧಗಳನ್ನು ಬಿಳಿ ಹಾಳೆಯಲ್ಲಿ ಸ್ವಯಂ ಘೋಷಣೆಯಾಗಿ ಕೊಟ್ಟರೆ ಸಾಕು ಎಂದು ವಿದೇಶಾಂಗ ಸಚಿವಾಲಯ 2016ರ ಡಿಸೆಂಬರ್‌ನಲ್ಲೇ ಹೇಳಿತು. ಇಂದಿಗೂ ಜನ ಛಾಪಾ ಕಾಗದ ಹಿಡಿದು ನಮ್ಮ ಬಳಿ ಬರುತ್ತಾರೆ, ಕೆಲವರು ಅವರಿಂದ ಹಣವನ್ನೂ ಪಡೆಯುತ್ತಾರೆ. ಈ ಅಭ್ಯಾಸ ನಮ್ಮ ವೃತ್ತಿಗೆ ಗೌರವ ತರುವುದಿಲ್ಲ.

ಆಸ್ಟಿನ್‌ನಲ್ಲಿರುವ ಮೈಸೂರಿನವಳು

ಎಲ್ಲರಿಗೂ ಕೃತಜ್ಞತೆಗಳು. ಸ್ಥಳೀಯ ನೋಟರಿಯ ಎದುರೇ ಸಹಿ ಮಾಡಿ, ಇಲ್ಲಿಯೇ ಅಪೋಸ್ಟಿಲ್ ಮಾಡಿಸಿ, ಮೂಲ ಪ್ರತಿಯನ್ನು ಕೊರಿಯರ್‌ನಲ್ಲಿ ಕಳುಹಿಸುತ್ತೇನೆ. ಒಂದು ಸಂದೇಹ ಉಳಿದಿದೆ. ಖರೀದಿದಾರರ ಕಡೆಯವರು ಎಲ್ಲ ಅಧಿಕಾರವನ್ನೂ ಕೊಡುವ ಸಾಮಾನ್ಯ ಅಧಿಕಾರ ಪತ್ರವೇ ಬೇಕು ಎನ್ನುತ್ತಿದ್ದಾರೆ. ಅಣ್ಣನ ಮೇಲೆ ನನಗೆ ಪೂರ್ಣ ನಂಬಿಕೆ ಇದೆ. ಆದರೂ ಕೇಳೋಣ ಎನ್ನಿಸಿತು.

ಮೈಸೂರಿನ ವಕೀಲ

ನಂಬಿಕೆ ಇದ್ದರೂ ಬೇಡ. ಈ ಒಂದು ಸ್ವತ್ತಿಗೆ, ಕ್ರಯಪತ್ರಕ್ಕೆ ಸಹಿ ಹಾಕಿ ನೋಂದಣಿಗೆ ಹಾಜರುಪಡಿಸುವ ಕೆಲಸಕ್ಕೆ ಸೀಮಿತವಾದ ವಿಶೇಷ ಅಧಿಕಾರ ಪತ್ರ ಸಾಕು. ನಿಮ್ಮ ಪಾಲಿನ ಹಣ ನಿಮ್ಮ ಎನ್‌ಆರ್‌ಒ ಖಾತೆಗೇ (ಅನಿವಾಸಿಗಳು ಭಾರತದ ಬ್ಯಾಂಕಿನಲ್ಲಿ ಇಡುವ ಖಾತೆ) ಬರಬೇಕೆಂದು ಅದರಲ್ಲೇ ಬರೆಯಿರಿ. ಅಧಿಕಾರ ಪತ್ರದಿಂದಲೇ ಆಸ್ತಿ ಕೈಬದಲಾಗುವುದಿಲ್ಲ, ನೋಂದಣಿಯಾದ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ಹಾಗಿರುವಾಗ ಖರೀದಿದಾರರಿಗೆ ಸಾಮಾನ್ಯ ಅಧಿಕಾರ ಪತ್ರದಿಂದ ಹೆಚ್ಚಿನ ಲಾಭವೇನೂ ಇಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ

ಮಗಳೇ, ತೆರಿಗೆಯ ಮಾತನ್ನೂ ಈಗಲೇ ಆಡಿಕೊಳ್ಳಿ. ಮಾರುವವರು ಅನಿವಾಸಿಯಾದರೆ ಖರೀದಿದಾರರು ಕಡಿತ ಮಾಡಬೇಕಾದ ತೆರಿಗೆ ಊರಿನವರಿಗೆ ಇರುವ ಶೇಕಡ 1 ಅಲ್ಲ, ಅದಕ್ಕಿಂತ ಬಹಳ ಹೆಚ್ಚು. ನಿಮ್ಮ ಪಾಲಿಗೂ ಅಣ್ಣನ ಪಾಲಿಗೂ ಲೆಕ್ಕ ಬೇರೆ ಬೇರೆಯಾಗುತ್ತದೆ. ಕಡಿಮೆ ದರದ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬಹುದು. ಅದಕ್ಕೆ ಸಮಯ ಹಿಡಿಯುವುದರಿಂದ, ಪತ್ರ ಕೊರಿಯರ್‌ಗೆ ಹಾಕುವ ಮೊದಲೇ ಲೆಕ್ಕಪರಿಶೋಧಕರನ್ನು ಕಂಡು ಅರ್ಜಿ ಹಾಕಿಸಿ.